ಕಾಯುವ ಸಾಲು

ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗುಣಮಟ್ಟ ಪರೀಕ್ಷಿಸಿದವಳು ನಾನು. ಅಲ್ಲಿ ಒಂದು ಬ್ಯಾಚ್ ಮುಗಿದು ಸಹಿ ಬೀಳದೆ ಇನ್ನೊಂದು ಒಳಗೆ ಬರುವಂತಿರಲಿಲ್ಲ. ನಿವೃತ್ತಿಯಾದ ಮೇಲೆ ಉಪ್ಪಲ್‌ನಲ್ಲಿ ತಂಗಿಯ ಮಗ ನಡೆಸುವ ಗೇಮ್ ಸ್ಟುಡಿಯೋದಲ್ಲಿ ಪರೀಕ್ಷೆಯ ಹೊಣೆ ಹೊತ್ತೆ. ಅಲ್ಲಿಯೂ ನನ್ನ ಒಪ್ಪಿಗೆಯಿಲ್ಲದೆ ಯಾವ ಕೋಡೂ ಆಟಕ್ಕೆ ಸೇರುತ್ತಿರಲಿಲ್ಲ.

ನಾವು ಮಾಡುತ್ತಿದ್ದುದು ನಗರದ ಬೀದಿಗಳಲ್ಲಿ ಆಟೋ ಓಡಿಸುವ ಆಟ. ಹೊಸ ಬೀದಿ ಬಂದಾಗಲೆಲ್ಲ ಅದರ ಕಟ್ಟಡಗಳ ಚಿತ್ರ ಲೋಡ್ ಆಗುವವರೆಗೆ ಆಟ ನಿಂತುಬಿಡುತ್ತಿತ್ತು. ಆರು ತಿಂಗಳ ಪ್ರೊಬೇಷನ್ ಮೇಲಿದ್ದ ರಾಯಚೂರಿನ ಪ್ರೋಗ್ರಾಮರ್ ಒಬ್ಬರು ಆ ಕೆಲಸವನ್ನು ಹಿನ್ನೆಲೆಯ ಥ್ರೆಡ್‌ಗೆ, ಅಂದರೆ ಜೊತೆಜೊತೆಗೇ ನಡೆಯುವ ಇನ್ನೊಂದು ಕೆಲಸದ ಎಳೆಗೆ, ಒಪ್ಪಿಸಿದರು. ಮುಖ್ಯ ಥ್ರೆಡ್ ಆಟೋ ಓಡಿಸುತ್ತಿರುವಾಗಲೇ ಇನ್ನೊಂದು ಥ್ರೆಡ್ ಮುಂದಿನ ಬೀದಿಯನ್ನು ತಂದಿಡುತ್ತದೆ. ತಡವಾದರೆ ಅಲ್ಲಿಯತನಕ ಬರೀ ಬೂದು ಗೋಡೆಗಳು ಕಾಣುತ್ತವೆ.

ಆ ಬೂದು ಗೋಡೆಗಳನ್ನು ನನ್ನಿಂದ ಸಹಿಸಲಾಗಲಿಲ್ಲ.

“ತರೋಕೆ ಹೇಳಿದ ತಕ್ಷಣ, ಅದು ಮುಗಿಯೋವರೆಗೂ ಕಾಯೋ ಸಾಲೊಂದು ಕೋಡಿನಲ್ಲಿ ಹಾಕಿ. ಅರ್ಧಂಬರ್ಧ ಬೀದಿಗೆ ನಾನು ಒಪ್ಪಲ್ಲ,” ಎಂದೆ.

“ಕಾಯಿಸಿದ್ರ ಆಟ ಮತ್ತ ನಿಲ್ಲತೈತ್ರಿ ಮೇಡಂ. ಮಣ್ಣು ಹೊರಾಕ ಆಳು ಕರದು, ಅಂವ ಬುಟ್ಟಿ ಇಳಸೂತನ ನಾವೂ ಕೈ ಕಟ್ಟಿ ನಿಂತಂಗ,” ಎಂದರು ಪ್ರೋಗ್ರಾಮರ್.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ.

“ನಿಮ್ಮ ಪ್ರೊಬೇಷನ್ ಫಾರಂ ನನ್ನ ಮೇಜಿನ ಮೇಲೇ ಇದೆ.”

ಅವರು ಮಗಳನ್ನು ತಾರ್ನಾಕದ ಶಾಲೆಗೆ ಸೇರಿಸಿ ಹದಿನೈದು ದಿನವಾಗಿತ್ತು. ಅದು ನನಗೆ ಗೊತ್ತಿತ್ತು.

ಸಂಜೆಯೊಳಗೆ ಸಾಲು ಬಂತು. ನನ್ನ ಹೊಸ ಕಂಪ್ಯೂಟರಿನಲ್ಲಿ ತಡೆ ಕಾಣಲೇ ಇಲ್ಲ. ಹಳೆಯ ಫೋನಿನಲ್ಲೂ ನೋಡಿರೆಂದು ಅವರು ಕೇಳಿಕೊಂಡರು. ಹಳೆಯ ಫೋನು ನನ್ನ ಪಟ್ಟಿಯಲ್ಲಿರಲಿಲ್ಲ, ನೋಡಲಿಲ್ಲ.

ಮುಂದಿನ ವಾರ ಆಟ ಕೊಳ್ಳಲು ಬಂದ ಕಂಪನಿಯವರು ತಮ್ಮ ಹಳೆಯ ಫೋನಿನಲ್ಲೇ ಆಡಿದರು. ಮೊದಲ ತಿರುವಿನಲ್ಲೇ ಆಟೋ ನಿಂತಿತು. ಎರಡನೆಯದರಲ್ಲಿ ಮತ್ತೆ. ಮೂರನೆಯದಕ್ಕೆ ಅವರು ಫೋನನ್ನು ಮೇಜಿನ ಮೇಲಿಟ್ಟು ಚಹಾ ಕೇಳಿದರು.

ಅವರು ಕೊಳ್ಳದೆ ಹೋದ ಮೇಲೆ ತಂಗಿಯ ಮಗ ಕೋಡ್ ತೆರೆದ. “ದೊಡ್ಡಮ್ಮ, ಈ ಕಾಯೋ ಸಾಲು ಬರೆದವರು ಯಾರು?”

ಪ್ರೋಗ್ರಾಮರ್ ನನ್ನ ಮುಖ ನೋಡಿದರು.

“ದಾಖಲೆಯಲ್ಲಿ ಇವರ ಹೆಸರೇ ಇದೆಯಲ್ಲ,” ಎಂದೆ. ಅದು ಸುಳ್ಳಲ್ಲ.

“ಹೌದ್ರಿ, ನಾನ ಬರದೀನಿ,” ಎಂದರು. ಬರೆಸಿದವಳು ನಾನೆಂದು ಹೇಳಿಯಾರೆಂದು ಕಾದೆ. ಹೇಳಲಿಲ್ಲ. ಫಾರಂನಲ್ಲಿ ‘ಮುಂದುವರಿಸುವ ಅಗತ್ಯವಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಮೇಜು ಖಾಲಿ ಮಾಡುವಾಗ ಅವರು ಹೇಳಿದ್ದು ಇಷ್ಟೇ: “ಆ ಸಾಲಿನ ಕೆಳಗ ಕಾಯದಂಗ ನಡಿಯೂ ನಂದೊಂದು ಸಾಲು ಬರದು, ಓಡದಂಗ ಮುಚ್ಚಿಟ್ಟೀನ್ರಿ ಮೇಡಂ. ಕಾಯೂದು ಅಳಸಿ ಅದನ್ನ ತೆರೀರಿ, ಸಾಕು.”

ಮರುದಿನ ಒಂಬತ್ತಕ್ಕೆ ಹಾಗೆಯೇ ಮಾಡಿದೆ. ಹಳೆಯ ಫೋನಿನಲ್ಲಿ ಆಟೋ ಎಲ್ಲೂ ನಿಲ್ಲದೆ ತಿರುಗಿತು. ಬೂದು ಗೋಡೆಗಳು ಒಂದು ಗಳಿಗೆ ಕಂಡು ಬಣ್ಣ ತಳೆದವು.

“ಅನುಭವ ಅಂದ್ರೆ ಇದು, ದೊಡ್ಡಮ್ಮ,” ಎಂದ ತಂಗಿಯ ಮಗ.

ಹಳೆಯ ಫೋನನ್ನು ಪಟ್ಟಿಗೆ ಸೇರಿಸಿ, ತಿದ್ದುಪಡಿಯ ಮುಂದೆ ನನ್ನ ಹೆಸರು ಬರೆದು, ಮುಂದಿನ ಕೆಲಸ ಕೈಗೆತ್ತಿಕೊಂಡೆ.