ಅಲಮಾರಿಯ ಮೇಲಿನ ತೆಂಗಿನಕಾಯಿ

ಸಂಕ್ರಾಂತಿಗೆ ವಾರವಿರುವಾಗ ನನ್ನ ಹೆಂಡತಿ ನನ್ನ ಕೈಗೆ ಅಡಕತ್ತರಿಯನ್ನೂ ಎದುರಿಗೆ ಕೊಬ್ಬರಿಯ ಗುಡ್ಡೆಯನ್ನೂ ಇಡುತ್ತಾಳೆ. ಸಣ್ಣಗೆ, ಸಮನಾಗಿ ಹೆಚ್ಚಬೇಕೆಂಬುದು ಆಕೆಯ ಆಜ್ಞೆ. ಸಮನಾಗಿ ಬಾರದ ಚೂರುಗಳನ್ನು ಸಾಕ್ಷಿ ಉಳಿಯದಂತೆ ಬಾಯಿಗೆ ಹಾಕಿಕೊಳ್ಳಬೇಕೆಂಬುದು ಆ ಆಜ್ಞೆಗೆ ನಾನು ತಂದ ತಿದ್ದುಪಡಿ. ನನ್ನ ಕೈಯಲ್ಲಿ ಸಮನಾಗಿ ಬರುವ ಚೂರು ಅಪರೂಪವೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ಹೀಗೆ ಅಗಿಯುತ್ತ ಕುಳಿತಾಗಲೆಲ್ಲ ಇಥಿಯೋಪಿಯಾ ನೆನಪಾಗುತ್ತದೆ. ಅಲ್ಲಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಲು ಹೆಂಡತಿಯೊಡನೆ ಹೊರಟಾಗ, ತಿಪಟೂರಿನ ಪಕ್ಕದ ಬಿಳಿಗೆರೆಯ ನಮ್ಮವ್ವ ಎಂಟು ತಿಂಗಳಿಂದ ಅಟ್ಟದ ಮೇಲಿದ್ದ ಕಾಯೊಂದನ್ನು ಆರಿಸಿ ನನ್ನ ಟ್ರಂಕಿಗೆ ಹಾಕಿದ್ದಳು. ನಮ್ಮ ಕಡೆ ಕಾಯನ್ನು ಸುಲಿಯದೆ ವರ್ಷದ ಮೇಲಾದರೂ ಅಟ್ಟದಲ್ಲಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎಂದರೆ ಕೊಬ್ಬರಿಯಾಯಿತೆಂದು ಲೆಕ್ಕ. ಪರದೇಶದ ಮನೆಗೆ ಅಟ್ಟವೆಲ್ಲಿಂದ ಬರಬೇಕು? ಕಾಯಿ ಅಲಮಾರಿಯ ಮೇಲೇರಿತು. ಭಾನುವಾರಕ್ಕೊಮ್ಮೆ ನಾನು ಕುರ್ಚಿ ಹತ್ತಿ, ಅದನ್ನು ಕಿವಿಗಿಟ್ಟು ಅಲ್ಲಾಡಿಸಿ, ವೈದ್ಯರ ಗಾಂಭೀರ್ಯದಿಂದ ಕೆಳಗಿಳಿಯುತ್ತಿದ್ದೆ. ಮನೆಯ ಕಾವಲಿಗಿದ್ದ ಅಲ್ಲಿನ ಮುದುಕ ಅದು ನಮ್ಮ ಮನೆದೇವರೆಂದೇ ತಿಳಿದು ಟೋಪಿ ತೆಗೆಯುತ್ತಿದ್ದ. ಅವನನ್ನು ತಿದ್ದುವಷ್ಟು ಭಾಷೆ ನನಗೆ ಬರುತ್ತಿರಲಿಲ್ಲ, ಮನಸ್ಸೂ ಬರಲಿಲ್ಲ.

ಪಕ್ಕದ ಮನೆಯಲ್ಲಿ ರುದ್ರಪ್ಪನವರಿದ್ದರು. ಅದೇ ಶಾಲೆಯ ಗಣಿತದ ಮೇಷ್ಟ್ರು, ತುರುವೇಕೆರೆಯವರು, ಆ ಊರಿಗೆಲ್ಲ ನನ್ನೊಡನೆ ಕನ್ನಡದಲ್ಲಿ ಹರಟಬಲ್ಲ ಒಬ್ಬರೇ ಗಂಡಸು. ನಾನು ಬಂದ ಮೊದಲ ವಾರವೇ ಅವರು ನನ್ನ ಕಾಯನ್ನು ಅಲ್ಲಾಡಿಸಿ ನೋಡಿ, ಈ ಬೆಟ್ಟದೂರಿನ ಚಳಿಯಲ್ಲಿ ಇದು ಕೊಳೆಯುವುದೇ ಸರಿ, ತುರುವೇಕೆರೆಯ ಕಾಯಾಗಿದ್ದರೆ ಮಾತು ಬೇರೆ ಎಂದುಬಿಟ್ಟರು. ನಾನು ಸುಮ್ಮನಿದ್ದೆನೇ? ನಿಮ್ಮೂರ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಬಂದು ನಮ್ಮ ಹೆಸರು ಹೇಳಿಕೊಂಡೇ ಬದುಕುವುದು ಎಂದೆ. ಅಲ್ಲಿಗೆ ಮಾತು ನಿಂತಿತು. ಸಾವಿರಾರು ಮೈಲಿ ಸಮುದ್ರ ದಾಟಿ ಬಂದ ಇಬ್ಬರು ವಿದ್ಯಾವಂತರು ನೆರೆಹೊರೆ ತಾಲ್ಲೂಕುಗಳ ಮಾನಕ್ಕಾಗಿ ನಾಲ್ಕು ತಿಂಗಳು ಮುಖ ತಿರುಗಿಸಿಕೊಂಡು ಓಡಾಡಿದೆವು. ಹೆಂಗಸರು ಮಾತ್ರ ಗೋಡೆಯ ಮೇಲಿಂದ ಮಜ್ಜಿಗೆ, ಹೆಪ್ಪು, ನಮ್ಮಿಬ್ಬರ ಮೇಲಿನ ದೂರು, ಎಲ್ಲವನ್ನೂ ಯಥಾಪ್ರಕಾರ ವಿನಿಮಯ ಮಾಡಿಕೊಳ್ಳುತ್ತಿದ್ದರು. ನನಗೋ, ನಿಜ ಹೇಳುತ್ತೇನೆ, ಸಂಜೆಯಾದರೆ ಆ ಮನುಷ್ಯನ ಹರಟೆಯಿಲ್ಲದೆ ಜೀವವೇ ಒಣಗಿದಂತಾಗುತ್ತಿತ್ತು. ಆದರೆ ಮೊದಲು ಮಾತಾಡುವವರು ಯಾರು?

ಸಂಕ್ರಾಂತಿ ಬಂತು. ಎಳ್ಳು ಆ ದೇಶದಲ್ಲೇ ಬೇಕಾದಷ್ಟು ಬೆಳೆಯುತ್ತಿತ್ತು. ಬೆಲ್ಲದ ಬದಲು ಸಕ್ಕರೆಯ ಅಚ್ಚನ್ನು ಒಡೆದೆವು. ಕಾಯಿ ಲೊಡಲೊಡ ಎಂದಿತ್ತು. ಸುಲಿದು ಒಡೆದರೆ, ಅವ್ವನ ಲೆಕ್ಕ ತಪ್ಪಿರಲಿಲ್ಲ, ದುಂಡನೆಯ ಕೊಬ್ಬರಿ! ಗೆದ್ದೆನೆಂದು ಬೀಗುತ್ತಿದ್ದ ನನ್ನ ಮುಂದೆ ಹೆಂಡತಿ ಎಳ್ಳಿನ ತಟ್ಟೆ ಹಿಡಿದಳು. ಎಳ್ಳು ಬೀರುವುದು ಹೆಂಗಸರ ಕೆಲಸವಲ್ಲವೇ ಎಂದು ನಾನು ಶಾಸ್ತ್ರ ತೆಗೆದೆ.

"ನಾವ್ ಹೆಂಗಸ್ರು ಮಾತು ಬಿಟ್ಟಿಲ್ಲ. ಬಿಟ್ಟೋರೇ ತಗೊಂಡ್ ಹೋಗ್ಲಿ" ಎಂದಳು.

ಹೋದೆ. ರುದ್ರಪ್ಪನವರು ಮೆಟ್ಟಿಲ ಮೇಲೆ ಕುಳಿತಿದ್ದರು. ತಟ್ಟೆಯಿಂದ ಬರೀ ಕೊಬ್ಬರಿಯನ್ನೇ ಆರಿಸಿ ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, ನನ್ನ ಮುಖ ನೋಡದೆ ಕೇಳಿದರು: "ಚೆನ್ನಾಗೈತೆ ಮೇಷ್ಟ್ರೇ. ಯಾವೂರ್ದು?"

ಈ ಪ್ರಶ್ನೆಗೆ ಉತ್ತರವನ್ನು ನಾಲ್ಕು ತಿಂಗಳಿಂದ ಮಸೆದಿಟ್ಟುಕೊಂಡಿದ್ದೆ. ಬಾಯಿ ತೆರೆದರೆ ಬೇರೆಯೇ ಬಂತು.

"ತುರುವೇಕೆರೇದು ಕಣ್ರೀ."

ಆ ಕಾಯನ್ನು ತಾವೇ ಅಲ್ಲಾಡಿಸಿ ನೋಡಿದ್ದ ಮನುಷ್ಯ ಅಗಿಯುವುದನ್ನು ನಿಲ್ಲಿಸಿದರು. ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ನನಗೆ ಜಾಗ ಬಿಟ್ಟರು. ಅವತ್ತು ಊಟಕ್ಕೆ ಕರೆಯಲು ಹೆಂಡತಿ ಮೂರು ಸಲ ಬರಬೇಕಾಯಿತು.

ಈಗ ಅಡುಗೆಮನೆಯಿಂದ ಆಕೆಯ ದನಿ: "ಅಷ್ಟೊಂದು ತಿಂತಿದೀರಲ್ಲ, ಯಾವೂರ ಕೊಬ್ರಿ ಅದು?"

ನಮ್ಮ ಅಟ್ಟದ್ದೇ. ಆದರೂ ತುಂಬಿದ ಬಾಯಲ್ಲೇ "ತುರುವೇಕೆರೇದು" ಎನ್ನುತ್ತೇನೆ. ಹಬ್ಬದ ದಿನ ಎಳ್ಳಿನ ಡಬ್ಬಿ ಹಿಡಿದು ತುರುವೇಕೆರೆಯ ಬಸ್ಸು ಹತ್ತುವವನು ನಾನೇ. ನನ್ನಂತೆಯೇ ಊರಿಗೆ ಮರಳಿರುವ ರುದ್ರಪ್ಪನವರ ಪಾಲಿನ ಕೊಬ್ಬರಿಯನ್ನು ಮಾತ್ರ, ನೋಡಿ ಬೇಕಾದರೆ, ಸಮನಾಗಿಯೇ ಹೆಚ್ಚುತ್ತಿದ್ದೇನೆ.