‘ಅಂತೆ’ ಹಾಕಿದ್ದೇನಲ್ಲ!

“ಅಕ್ಕಾ, ಮಾನಹಾನಿ ಕೇಸಲ್ಲಿ ಜೈಲಿಗೆ ಹಾಕ್ತಾರಾ?”

ಶೃಂಗೇರಿ ಹತ್ತಿರದ ಅಡ್ಡಗದ್ದೆಯಿಂದ ಚಿಕ್ಕಪ್ಪನ ಮಗಳು ಸ್ಮಿತಾ ಫೋನಿನಲ್ಲಿ ಕೇಳಿದಾಗ, ಪರೀಕ್ಷೆಗೆ ಓದುತ್ತಿದ್ದಾಳೆ ಅಂದುಕೊಂಡೆ. (ನಾನು ಕಾನೂನು ಓದಿದವಳೆಂದು ಮನೆಯವರಿಗೆ ನೆನಪಾಗುವುದು ಇಂಥ ಹೊತ್ತಿನಲ್ಲೇ.) ಎರಡು ವರ್ಷದವರೆಗೂ ಆಗಬಹುದು ಎಂದೆ. ಆಮೇಲೆ ಒಂದೊಂದಾಗಿ ಬಾಯಿಬಿಟ್ಟಳು.

ಸಂಗತಿ ಇಷ್ಟು. ನಾನಿರುವ ಕೊಪ್ಪದಲ್ಲಿ ಶಾಲಿನಿ ಮೇಡಂ ಎಂಬವರು ಕಂಪ್ಯೂಟರ್ ಕ್ಲಾಸ್ ನಡೆಸುತ್ತಾರೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಹುಡುಗ ಹುಡುಗಿಯರು ಹರಟಲು ಇಂಟರ್‌ನೆಟ್ಟಿನಲ್ಲಿ ಒಂದು ಕಮ್ಯುನಿಟಿ ಮಾಡಿಕೊಂಡಿದ್ದಾರೆ. ಅಲ್ಲಿ ಸ್ಮಿತಾ ಸುಳ್ಳು ಹೆಸರಿನ ಪ್ರೊಫೈಲಿನಿಂದ ಒಂದು ಸಾಲು ಬರೆದಿದ್ದಳು: ‘ಶಾಲಿನಿ ಮೇಡಂ ಸರ್ಟಿಫಿಕೇಟೇ ಡೂಪ್ಲಿಕೇಟ್ ಅಂತೆ.’ ಹದಿನೈದು ದಿನದಲ್ಲಿ ಮೇಡಂ ಅವರ ಬೆಳಗಿನ ಬ್ಯಾಚ್ ಖಾಲಿ. ಈಗ ಅವರು ವಕೀಲರನ್ನು ಕಾಣಲು ಹೊರಟಿದ್ದಾರೆಂದು ಅವಳು ಓದುವ ಕೊಪ್ಪದ ಕಾಲೇಜಿನಲ್ಲೆಲ್ಲ ಸುದ್ದಿ.

“ನಿಂಗೆ ಯಾರು ಹೇಳಿದ್ದು?”

“ಬಸ್ಸಲ್ಲಿ ಯಾರೋ ಮಾತಾಡ್ತಿದ್ರು. ನಾನು ‘ಅಂತೆ’ ಹಾಕಿದ್ದೇನಲ್ಲ ಮಾರಾಯ್ತಿ! ಅದೂ ಅಲ್ದೆ, ಪೇಪರಲ್ಲಿ ಬಂದ್ರೆ ಮಾತ್ರ ಅಲ್ವಾ ಕೇಸು? ಮಂತ್ರಿಗಳು ಹಾಕೋದು?”

ಎಷ್ಟು ಅನುಕೂಲದ ಪದ ನೋಡಿ ಈ ‘ಅಂತೆ’! ಹೇಳಿದ್ದೂ ಆಯಿತು, ಹೇಳಿದವರು ನಾವಲ್ಲ ಎಂದೂ ಆಯಿತು. ಕಾನೂನಿಗೆ ಈ ವ್ಯಾಕರಣ ಗೊತ್ತಿಲ್ಲ. ಒಬ್ಬರ ಹೆಸರು ಕೆಡುತ್ತದೆಂದು ತಿಳಿದೂ ಮಾತನ್ನು ದಾಟಿಸಿದವರು, ಅದು ಬೇರೆಯವರ ಮಾತು ಎಂದು ಪಾರಾಗುವಂತಿಲ್ಲ. ಪೇಪರ್ ಆದರೇನು, ಕಂಪ್ಯೂಟರ್ ಪರದೆ ಆದರೇನು?

ಇಷ್ಟು ಹೇಳಿ ಫೋನ್ ಇಟ್ಟ ಮೇಲೆ ನನಗೇ ಕಸಿವಿಸಿ. ಆ ಕಮ್ಯುನಿಟಿಯಲ್ಲಿ ಆ ಸಾಲನ್ನು ನಾನೂ ಓದಿದ್ದೆ, ಬರೆದದ್ದು ಇವಳೆಂದು ಗೊತ್ತಿಲ್ಲದೆ. ನಮಗ್ಯಾಕೆ ಎಂದು ಸುಮ್ಮನಿದ್ದೆ. (ನನ್ನ ಪಾಡಿಗೆ ನಾನಿರುವವಳು ಎಂಬ ಹೆಮ್ಮೆ ಬೇರೆ.)

ಭಾನುವಾರ ಅವಳನ್ನು ಕೊಪ್ಪಕ್ಕೆ ಕರೆಸಿದೆ. ಸೈಬರ್ ಸೆಂಟರಿನಲ್ಲಿ ಕೂತು ಆ ಸಾಲು ಅಳಿಸಿದ್ದಾಯಿತು. ಅಷ್ಟೇ ಸಾಲದು, ತಿದ್ದುಪಡಿ ಬರಿ ಎಂದೆ. ಬರೆದು ತೋರಿಸಿದಳು: ‘ಮೇಡಂ ಬಗ್ಗೆ ಹೇಳಿದ್ದು ಸುಳ್ಳಂತೆ.’

ನಗಬೇಕೋ ಬೈಯಬೇಕೋ?

“ಎಂತ ಸುಳ್ಳಂತೆ? ಗೊತ್ತಿಲ್ಲದೆ ಬರೆದೆ ಅಂತ ಬರಿ. ಕೆಳಗೆ ನಿನ್ನ ಹೆಸರು ಹಾಕು.”

“ನಿಜವಾದ್ದಾ?”

“ಮತ್ತೆ?”

ಹಾಕಿದಳು. ಅಲ್ಲಿಂದ ನೇರ ಮೇಡಂ ಕ್ಲಾಸಿಗೆ ಹೋದೆವು. ಸ್ಮಿತಾ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು! ಎಂಟು ಕಂಪ್ಯೂಟರುಗಳು ಬಟ್ಟೆ ಹೊದ್ದು ಕೂತಿದ್ದವು. ಸರ್ಟಿಫಿಕೇಟ್ ಗೋಡೆಯ ಮೇಲೇ ಇತ್ತು, ಯೂನಿವರ್ಸಿಟಿಯ ಸೀಲ್ ಸಮೇತ.

“ನಾನೇ ಮೇಡಂ ಬರೆದದ್ದು. ತಪ್ಪಾಯ್ತು. ಕೇಸ್ ಹಾಕ್ತೀರಾ?”

ಮೇಡಂ ಅವಳನ್ನೇ ನೋಡಿದರು. “ನಿನ್ನ ಮೇಲೆ ಕೇಸ್ ಹಾಕಿದ್ರೆ ನನ್ನ ಬ್ಯಾಚ್ ತುಂಬ್ತದಾ ಹೇಳು?”

ಅದಕ್ಕೆ ನನ್ನ ಹತ್ತಿರ ಒಂದು ಉತ್ತರವಿತ್ತು. “ನಾನೂ ಓದಿದ್ದೆ ಮೇಡಂ, ಓದಿ ಸುಮ್ಮನಿದ್ದೆ” ಎಂದು ಹೇಳಿ ಬೆಳಗಿನ ಬ್ಯಾಚಿಗೆ ಹೆಸರು ಬರೆಸಿದೆ. ಸ್ಮಿತಾಳೂ ಬರೆಸಿದಳು, ಯಾರೂ ಹೇಳದೆ.

ಸೋಮವಾರದಿಂದ ಎರಡು ಕಂಪ್ಯೂಟರ್ ಓಡುತ್ತಿವೆ. ಆ ಸಾಲು ಓದಿ ಸುಮ್ಮನಿದ್ದ ಉಳಿದವರೇ, ಇನ್ನೂ ಆರು ಖಾಲಿ ಇವೆ. ಎಲ್ಲಿದ್ದೀರಿ?