ಸುಣ್ಣ ಹಾಕದ ಮದ್ದು

ಸಂಜೆ ಐದು ಗಂಟೆ ಐವತ್ತು ನಿಮಿಷಕ್ಕೆ ವೇಣೂರಿನ ಅಣ್ಣು ತಮ್ಮ ಅಲಸಂಡೆ ಗದ್ದೆಯ ಅಂಚಿನ ಹುಣಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬಕೆಟಿನ ನೀರಿಗೆ ಬೆಲ್ಲ ಕದಡುತ್ತಿದ್ದರು. ಪಕ್ಕದಲ್ಲಿ ಒದ್ದೆ ಬೈರಾಸು ಬಟ್ಟೆಯಲ್ಲಿ ಸುತ್ತಿದ ಬಾಟಲಿ. ಅದರೊಳಗಿದ್ದದ್ದು ಹುಳುಗಳಿಗೆ ಬರುವ ಒಂದು ರೋಗ.

ಅದನ್ನು ಮೂಡುಬಿದಿರೆಯಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದವಳು ಅವರ ತಂಗಿಯ ಮಗಳು ವಿಜೇತಾ. ಅಲ್ಲಿಯ ಸಣ್ಣದೊಂದು ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಹರಳು ಗಿಡದ ಎಲೆ ಹಾಕಿ ಹುಳು ಸಾಕುವುದು, ಸಾಕಿದ ಹುಳುವಿಗೆ ರೋಗ ತಗಲಿಸುವುದು, ಸತ್ತದ್ದನ್ನು ಅರೆದು ಸೋಸಿ ಬಾಟಲಿಗೆ ತುಂಬುವುದು.

"ವೈರಸ್ಸಾ?" ಎಂದು ಅಣ್ಣುವಿನ ಹೆಂಡತಿ ಸರಸ ಆ ಮಧ್ಯಾಹ್ನ ಬಾಟಲಿ ಕಂಡೊಡನೆ ಹಿಂದೆ ಸರಿದಿದ್ದರು. "ಹಳೇ ಮಾಸ್ಕ್ ಒಳಗೆ ಉಂಟು, ತರಲಾ?"

"ನಮಗೆ ಏನೂ ಆಗುವುದಿಲ್ಲ ಅತ್ತೆ. ಈ ಒಂದು ಜಾತಿಯ ಹುಳುವಿಗೆ ಮಾತ್ರ ಬರುವುದು. ಜೇನಿಗೂ ಇಲ್ಲ, ಕೋಳಿಗೂ ಇಲ್ಲ."

"ನಿನ್ನ ಮಾವನಿಗೆ?"

"ಅವರು ಅಲಸಂಡೆ ಎಲೆ ತಿನ್ನುವುದಿಲ್ಲವಲ್ಲ."

"ಯಾರಿಗೆ ಗೊತ್ತು! ಮೂರು ಹೊತ್ತೂ ಅಲ್ಲೇ ಇರ್ತಾರೆ."

ಸರಸ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಣ್ಣು ಹರೆಯದಿಂದಲೂ ಮದ್ದು ಬಿಡುವ ಕೆಲಸದವರು. ಮಳೆ ಹಿಡಿಯುವ ಮೊದಲು ಮೈಲುತುತ್ತು ಮತ್ತು ಸುಣ್ಣ ಕಲಸಿ, ಅಡಿಕೆ ಮರ ಹತ್ತಿ, ಗೊನೆಗೊನೆಗೆ ಹೊಡೆದು ಇಳಿಯುತ್ತಿದ್ದರು. ಮಂಡಿ ಕೈಕೊಟ್ಟ ಮೇಲೆ ನೆಲಕ್ಕಿಳಿದು ಊರಿನ ಮನೋರಮಾ ಟೀಚರ ಗದ್ದೆಯನ್ನು ಗೇಣಿಗೆ ಹಿಡಿದರು. ಭತ್ತ ಕೊಯ್ದ ಮೇಲೆ ಅಲಸಂಡೆ. ಬೀಜ ಸರಸನ ತವರು ಬಂಟ್ವಾಳದ್ದು. ಆ ಬಳ್ಳಿಗಳ ನಡುವೆ ನಿಂತಾಗ ಅವರಿಗೆ ಹಸಿವೂ ಮರೆತುಹೋಗುತ್ತಿತ್ತು.

ಹುಳು ಬಂದದ್ದು ಎರಡನೆಯ ಬೆಳೆಗೆ. ಬೆಳ್ತಂಗಡಿಯ ಅಂಗಡಿಯಿಂದ ಮದ್ದು ತಂದು ಹೊಡೆದರು; ಬೆಳಗಾಗುವಾಗ ಹುಳುಗಳೆಲ್ಲ ಸತ್ತು ಕೆಳಗೆ ಬಿದ್ದಿದ್ದವು. ಮರುವರ್ಷ ಅದೇ ಮದ್ದಿಗೆ ಅರ್ಧ ಸತ್ತವು. ಅಂಗಡಿಯವರು ಬೇರೆ ಬಾಟಲಿ ಕೊಟ್ಟರು, ಆಮೇಲೆ ಅದಕ್ಕಿಂತ ಖಾರದ್ದು. ಕಳೆದ ವರ್ಷವಂತೂ ಮದ್ದಿನಿಂದ ತೊಯ್ದ ಎಲೆಯ ಮೇಲೆಯೇ ಕೂತು ಹುಳುಗಳು ನಿಶ್ಚಿಂತೆಯಿಂದ ಮೇಯ್ದವು.

"ಇವು ಯಾರ ಪೈಕಿ ಗೊತ್ತುಂಟಾ ಮಾವ?" ಎಂದಿದ್ದಳು ವಿಜೇತಾ. "ಮೊದಲನೇ ವರ್ಷ ನಿಮ್ಮ ಮದ್ದಿಗೆ ಬಗ್ಗದೆ ನಾಲ್ಕು ಉಳಿದಿರ್ತವಲ್ಲ, ಅವುಗಳ ಮಕ್ಕಳು, ಮೊಮ್ಮಕ್ಕಳು."

"ಅಂದರೆ ಗಟ್ಟಿಯದ್ದನ್ನೇ ಆರಿಸಿ ಸಾಕಿದವ ನಾನೇ."

"ಹಾಗೆಯೇ ಹೇಳಬಹುದು."

ಊರಿನ ತೋಟಗಳಿಗೆಲ್ಲ ಮದ್ದು ಬಿಟ್ಟವನಿಗೆ ತನ್ನ ಅಂಗೈಯಗಲದ ಗದ್ದೆ ಉಳಿಸಲಾಗಲಿಲ್ಲ ಎಂಬುದು ಅಣ್ಣುವಿಗೆ ಒಳಗೊಳಗೇ ಚುಚ್ಚುತ್ತಿತ್ತು. ಈ ಬೆಳೆಯೂ ಹೋದರೆ ಬಿಸು ಹಬ್ಬ ಕಳೆದ ಮೇಲೆ ಗದ್ದೆಯನ್ನು ಟೀಚರಿಗೆ ಒಪ್ಪಿಸಿಬಿಡುವುದೆಂದು ಸರಸನಿಗೆ ಹೇಳಿಯೂ ಆಗಿತ್ತು. ಸರಸನಿಗೆ ಅದು ಬೇಡವಾಗಿತ್ತು. ಮನೆಯಲ್ಲಿ ಸುಮ್ಮನೆ ಕೂತ ಗಂಡನನ್ನು ಅವರು ಒಂದು ಮಳೆಗಾಲವಿಡೀ ನೋಡಿದ್ದರು.

ವಿಜೇತಾ ಹೇಳಿಕೊಟ್ಟಿದ್ದನ್ನು ಅಣ್ಣು ಚಾಚೂ ತಪ್ಪದೆ ಮಾಡಿದರು. ಬಿಸಿಲಿಗೆ ವೈರಸ್ ಸಾಯುತ್ತದೆ, ಆದ್ದರಿಂದ ಹೊತ್ತು ಇಳಿದ ಮೇಲೆ ಹೊಡೆಯಬೇಕು. ಹುಳು ಅದನ್ನು ತಿಂದರೆ ಮಾತ್ರ ಕೆಲಸ, ಆದ್ದರಿಂದ ರುಚಿಗೆ ಬೆಲ್ಲ. ಎಲೆಯ ಅಡಿಭಾಗವೂ ತೋಯಬೇಕು. ಆಮೇಲೆ ಒಂದು ವಾರ ತಾಳ್ಮೆ.

ಒಂದು ವಾರ ಕಳೆಯಿತು. ಹುಳುಗಳು ಬೆಲ್ಲ ತಿಂದು ಇನ್ನಷ್ಟು ದಪ್ಪವಾದವು.

ಭಾನುವಾರ ವಿಜೇತಾ ಇನ್ನೊಂದು ಬಾಟಲಿ ಹಿಡಿದು ಬಂದಳು. ಗದ್ದೆ ಸುತ್ತಿ ನೋಡಿದಳು, ಮುಖ ಸಣ್ಣದಾಯಿತು. "ಅದೇ ಬ್ಯಾಚಿನ ಮದ್ದು ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡಿದೆ ಮಾವ. ನೀವು ಹೇಗೆ ಕಲಸಿದ್ದು, ಒಮ್ಮೆ ಮಾಡಿ ತೋರಿಸಿ ನೋಡುವ."

ಅಣ್ಣು ಬಕೆಟಿಗೆ ನೀರು ಹೊಯ್ದರು, ಬೆಲ್ಲ ಕದಡಿದರು. ಬಾಟಲಿಯ ಕಡೆ ಹೋಗುವ ಮೊದಲು ಅವರ ಎಡಗೈ ತನ್ನಷ್ಟಕ್ಕೆ ಹಿಂದೆ ಸರಿದು ಒಂದು ಡಬ್ಬದ ಮುಚ್ಚಳ ತೆಗೆಯಿತು.

"ಅದೆಂಥದು?"

"ಸುಣ್ಣ."

"ಸುಣ್ಣ ಯಾಕೆ?"

"ಎಂಥ ಮಾರಾಯ್ತಿ, ಮದ್ದಿಗೆ ಸುಣ್ಣ ಹಾಕದೆ ಆಗ್ತದಾ? ಗೊನೆ ಸುಟ್ಟುಹೋಗ್ತದೆ!"

"ಇಲ್ಲಿ ಗೊನೆ ಎಲ್ಲಿ ಉಂಟು?"

ಅಣ್ಣು ಅಲಸಂಡೆ ಬಳ್ಳಿಯನ್ನು ನೋಡಿದರು, ಕೈಯಲ್ಲಿದ್ದ ಸುಣ್ಣವನ್ನು ನೋಡಿದರು. ಹುಣಿಯ ಆಚೆ ತುದಿಯಲ್ಲಿದ್ದ ಸರಸನಿಗೆ ನಗು ತಡೆಯಲಾಗಲಿಲ್ಲ. "ಪುಣ್ಯಕ್ಕೆ ನನ್ನ ಸಾರಿನ ಪಾತ್ರೆ ಇವರ ಕೈಗೆ ಸಿಕ್ಕಿಲ್ಲ!"

ವಿಜೇತಾ ಅಲ್ಲೇ ಕೂತು ವಿವರಿಸಿದಳು. ಈ ವೈರಸ್ ಒಂದು ಗಟ್ಟಿ ಚಿಪ್ಪಿನೊಳಗೆ ಇರುತ್ತದೆ. ಹುಳುವಿನ ಹೊಟ್ಟೆಯ ರಸ ಸುಣ್ಣದ ನೀರಿನಂಥ ಕ್ಷಾರ. ಅಲ್ಲಿಗೆ ಹೋದಾಗ ಚಿಪ್ಪು ಕರಗಿ ರೋಗ ಹೊರಗೆ ಬರುತ್ತದೆ.

"ಹುಳುವಿನ ಹೊಟ್ಟೆಯಲ್ಲಿ ಕರಗಬೇಕಾದ ಚಿಪ್ಪು ನಿಮ್ಮ ಬಕೆಟಿನಲ್ಲೇ ಕರಗಿತು ಮಾವ. ಚಿಪ್ಪಿಲ್ಲದ ವೈರಸ್ ಎಲೆಯ ಮೇಲೆ ಬದುಕುವುದಿಲ್ಲ. ಹುಳು ತಿಂದದ್ದು ಬರೇ ಬೆಲ್ಲ." ಸುಣ್ಣದ ಡಬ್ಬದ ಮುಚ್ಚಳ ಹಾಕುತ್ತಾ ಹೇಳಿದಳು, "ನಾನೂ ಕೇಳಬೇಕಿತ್ತು. ಇದಕ್ಕೆ ಸುಣ್ಣ ಹಾಕುವವರು ಇರ್ತಾರೆಂದು ನನಗೆ ಹೊಳೆಯಲೇ ಇಲ್ಲ."

ಅಣ್ಣು ಮದ್ದು ಹೊಡೆಯುವ ಹಳೆಯ ಪಂಪಿನ ಹೊಟ್ಟೆಯಲ್ಲೂ ಸುಣ್ಣ ಪದರಗಟ್ಟಿ ಕೂತಿತ್ತು. ಸರಸ ಹುಣಸೆಹುಳಿ ಕಿವುಚಿ ಕೊಟ್ಟರು. ಗಂಡ ಹೆಂಡತಿ ಸೇರಿ ಅದನ್ನು ತಿಕ್ಕಿ, ತೊಳೆದು, ಮತ್ತೆ ಮತ್ತೆ ನೀರು ಹಾಯಿಸಿದರು. ಸೂರ್ಯ ಇಳಿದ ಮೇಲೆ ಅಣ್ಣು ಎರಡನೆಯ ಬಾಟಲಿಯನ್ನು ಬೆಲ್ಲದ ನೀರಿಗೆ ಹೊಯ್ದು ಹೊಡೆದರು. ಗಂಡನ ಅಭ್ಯಾಸಕ್ಕೆ ಹೆದರಿ ಸುಣ್ಣದ ಡಬ್ಬವನ್ನು ಸರಸ ಮೊದಲೇ ಮನೆಗೆ ಒಯ್ದಿದ್ದರು.

ಮೊದಲು ಹುಳುಗಳು ಮೇಯುವುದು ನಿಧಾನವಾಯಿತು. ಅಷ್ಟಕ್ಕೇ ಅಣ್ಣು ನಂಬಲಿಲ್ಲ. ಮದ್ದಿನ ವಿಷಯದಲ್ಲಿ ಅವರು ಮೋಸ ಹೋಗಿ ಸಾಕಾದವರು. ಆದರೆ ವಾರ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಗದ್ದೆಗೆ ಹೋದವರು ಅಲ್ಲಿಂದಲೇ ಕೂಗಿದರು.

ಬಳ್ಳಿಗೆ ಊರಿದ ಕೋಲುಗಳ ತುದಿಯಲ್ಲಿ, ಚಿಗುರುಗಳ ತುದಿಯಲ್ಲಿ, ಹುಳುಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಮುಟ್ಟಿದರೆ ಚರ್ಮ ಒಡೆದು ಒಳಗಿನದ್ದೆಲ್ಲ ನೀರಾಗಿ ಕೆಳಗಿನ ಎಲೆಗೆ ಇಳಿಯುತ್ತಿತ್ತು. ಆ ಎಲೆ ತಿಂದ ಹುಳುವಿಗೂ ಅದೇ ಗತಿ.

"ಸಾಯುವ ಮೊದಲು ಇವಕ್ಕೆ ಮೇಲೆ ಹತ್ತಬೇಕೆಂದು ಯಾಕೆ ಅನಿಸುವುದು?" ಅಣ್ಣು ಬೆರಗಾಗಿ ಕೇಳಿದರು.

"ನಿಮಗೆ ಗೊತ್ತಿರಬೇಕು," ಎಂದರು ಸರಸ. "ಹತ್ತಬೇಡಿ ಎಂದರೆ ನೀವು ಕೇಳಿದ್ದುಂಟಾ?"

ಸರಸ ಗಿಡ ಚೊಕ್ಕ ಮಾಡಲು ಹೊರಟರೆ ಅಣ್ಣು ತಡೆದರು. ರೋಗ ಇನ್ನೂ ಹರಡಲೆಂದು ಕೆಲವನ್ನು ಅಲ್ಲೇ ಬಿಟ್ಟು, ಉಳಿದವನ್ನು ವಿಜೇತಾಳ ಪ್ರಯೋಗಾಲಯಕ್ಕಾಗಿ ಬಾಟಲಿಯಲ್ಲಿ ಹೆಕ್ಕಿಟ್ಟರು. ಹುಳು ಪೂರ್ತಿ ಹೋಗಲಿಲ್ಲ. ನೀರು ಹರಿಯುವ ತೋಡಿನ ಬದಿಯ ಸಾಲುಗಳಲ್ಲಿ ತೂತುಬಿದ್ದ ಎಲೆ ಕಡೆಯವರೆಗೂ ಇತ್ತು. ಆದರೂ ಬಳ್ಳಿ ಚಿಗುರಿತು, ಹೂ ಬಿಟ್ಟಿತು. ಮೊಳದುದ್ದದ ಅಲಸಂಡೆಗಳು ನೇತುಬಿದ್ದವು. ಅಣ್ಣು ಅವನ್ನು ಕಟ್ಟುಕಟ್ಟಾಗಿ ಕಟ್ಟಿ ಮಾರಾಟಕ್ಕೆಂದು ಮೂಡುಬಿದಿರೆಯ ಬಸ್ಸಿಗೆ ಏರಿಸುತ್ತಿದ್ದರು; ಕಟ್ಟು ಏರಿಸಿದ ದಿನ ಅವರ ಮಂಡಿನೋವಿನ ಸುದ್ದಿ ಮನೆಯಲ್ಲಿ ಬರುತ್ತಿರಲಿಲ್ಲ.

ಬಿಸು ಕಳೆದ ಮೇಲೆ ಮನೋರಮಾ ಟೀಚರ್ ಕೊಡೆ ಹಿಡಿದುಕೊಂಡು ಗದ್ದೆಗೆ ಬಂದರು. ಶಾಲೆ ಬಿಟ್ಟು ವರ್ಷಗಳಾದರೂ ಅವರ ಪ್ರಶ್ನೆಗಳಿಗೆ ಸುತ್ತುಬಳಸು ಇರಲಿಲ್ಲ.

"ಬಿಟ್ಟುಕೊಡ್ತೀರಿ ಎಂದು ಕೇಳಿದೆ, ಹೌದಾ ಅಣ್ಣು? ಹಾಗಿದ್ದರೆ ಬೇರೆಯವರು ಕೇಳ್ತಾ ಇದ್ದಾರೆ."

"ಇಲ್ಲ ಟೀಚರ್. ಗದ್ದೆ ನನಗೇ ಬೇಕು."

"ಎಷ್ಟು ವರ್ಷಕ್ಕೆ?"

ಈವರೆಗೆ ವರ್ಷ ವರ್ಷವೂ ಕೇಳಿ ಪಡೆದ ಗದ್ದೆ ಅದು. ಸರಸ ಕೊಯ್ಯುತ್ತಿದ್ದ ಕೈ ನಿಲ್ಲಿಸಿ ಗಂಡನ ಕಡೆ ನೋಡಿದರು. ಅಣ್ಣು ಮಂಡಿಯ ಮೇಲೆ ಕೈಯೂರಿ ಎದ್ದು ನಿಂತು, ಆಚೆ ಗದ್ದೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಐದು."